ಬುಧವಾರ ಬರುವ ನನ್ನ ಭಾನುವಾರ

ಮನೆ, ಹಿಂದಿನ ಕೋಣೆ
ಹನ್ನೆರಡನೇ ತಾರೀಖು, ಶುಕ್ರವಾರ ಬೆಳಿಗ್ಗೆ
(ನನ್ನ ಪಾಲಿಗೆ ಇನ್ನೂ ಗುರುವಾರ ರಾತ್ರಿ)

ಪ್ರೀತಿಯ ಸಿಸ್ಟರಕ್ಕಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಹೋದ ಸಲ ಬಂದಾಗ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ, ನಾನು ನೋಡಿಯೂ ನೋಡದವಳಂತೆ ಇದ್ದೆ. ಎಣ್ಣೆ ಕಳಿಸಿದ್ದೆನಲ್ಲ, ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಅದನ್ನೂ ನಿನಗಿಂತ ವಯಸ್ಸಾದ ಯಾರಿಗಾದರೂ ಕೊಟ್ಟುಬಿಟ್ಟೆಯಾ? ಕೊಟ್ಟಿದ್ದರೆ ಹೇಳು, ಇನ್ನೊಂದು ಬಾಟಲಿ ಕಳಿಸುತ್ತೇನೆ, ಬೈಯುವುದನ್ನು ಮಾತ್ರ ಬಿಡುವುದಿಲ್ಲ. ನಿಮ್ಮ ಮಠದ ಮದರ್ ಸ್ನಾನಕ್ಕೆ ಬಿಸಿನೀರು ಕೊಡುತ್ತಾರಾ? ತಣ್ಣೀರು ಸುರಿದುಕೊಂಡು ಅದನ್ನು ದೇವರಿಗೆ ಒಪ್ಪಿಸುವ ಅಭ್ಯಾಸ ಇನ್ನಾದರೂ ಬಿಡು. ನಾನು ಚೆನ್ನಾಗಿದ್ದೇನೆ. ತಮ್ಮನೂ ಚೆನ್ನಾಗಿದ್ದಾನೆ, ಅಪ್ಪನಾದ ಮೇಲೆ ಸ್ವಲ್ಪ ದಪ್ಪಗಾಗಿದ್ದಾನೆ. ಪಾಪು ಈಗ ಮುಷ್ಟಿಯನ್ನು ಪೂರ್ತಿ ಬಾಯಿಗೆ ತುರುಕಿಕೊಳ್ಳುವುದನ್ನು ಕಲಿತಿದ್ದಾನೆ. ಮೂಗು ನಮ್ಮ ಅಪ್ಪನದೇ, ಅದೇ ಚಪ್ಪಟೆ ಮೂಗು, ಪಾಪ.

ನಿನ್ನ ಕಾಗದ ಬಂತು. “ಬೇಜಾರು ಮಾಡ್ಕೋಬೇಡ್ವೇ, ಮಗು ಒಳ್ಳೇದಕ್ಕೇ ತಾನೇ” ಅಂತ ಬರೆದಿದ್ದೀಯ. ನನಗೆ ಬೇಜಾರಾಗಿಲ್ಲ ಅಕ್ಕಾ, ಸಿಟ್ಟು ಬಂದಿದೆ. ಬೇಜಾರಾಗಿದ್ದರೆ ಮುಸುಕೆಳೆದುಕೊಂಡು ಮಲಗುತ್ತಿದ್ದೆ. ಸಿಟ್ಟು ಬಂದಿರುವುದರಿಂದ ರಾತ್ರಿಯೆಲ್ಲ ದುಡಿದು ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ದೀಕ್ಷಾಸ್ನಾನದ ದಿನ ಜ್ಞಾನತಾಯಿಯಾಗಿ ಪಾಪುವನ್ನು ಎತ್ತಿಕೊಂಡು ನಿಲ್ಲಬೇಕಾದವಳು ನಾನು. ಹೆಂಡತಿಗೆ ಮೂರು ತಿಂಗಳಾದಾಗಲೇ ತಮ್ಮ ನನ್ನ ಹತ್ತಿರ ಬಂದು, “ಗೂಬಕ್ಕ, ನೀನೇ ಎತ್ಕೋಬೇಕು, ಬೇರೆ ಯಾರನ್ನೂ ಕೇಳಲ್ಲ” ಅಂದಿದ್ದ. ಈಗ ನೋಡು, ಭಾನುವಾರ ಪೂಜೆಗೆ ಬಾರದವಳು ಜ್ಞಾನತಾಯಿ ಆಗುವ ಹಾಗಿಲ್ಲವಂತೆ. ನನ್ನ ಜಾಗಕ್ಕೆ ನಿನ್ನನ್ನು ಕರೆದಿದ್ದಾರೆ. ನೀನೂ ಮದರ್ ಅಪ್ಪಣೆ ಪಡೆದು ಹೂಂ ಅಂದಿದ್ದೀಯ, ನನ್ನನ್ನು ಒಂದು ಮಾತು ಕೇಳಲಿಲ್ಲ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ನೀನು ಬಂದಿಳಿಯುತ್ತೀಯ, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಇದನ್ನು ನಾನು ಒಪ್ಪುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಓದಿ ಮುಗಿಸುವ ತನಕ ಪಾಪುವನ್ನು ಎತ್ತಿಕೊಳ್ಳುವ ಆಸೆ ನೀನು ಇಟ್ಟುಕೊಳ್ಳುವುದು ಬೇಡ.

ನಡೆದದ್ದನ್ನು ನನ್ನ ಬಾಯಿಂದಲೂ ಕೇಳು. ನಿನಗೆ ಸುದ್ದಿ ಮುಟ್ಟಿಸಿದವರು ತಮ್ಮನ ಅತ್ತೆ ಅಂತ ನನಗೆ ಗೊತ್ತು. ಮಗಳ ಬಾಣಂತನಕ್ಕೆ ಬಂದ ಬೀಗಿತ್ತಿ ಜೊತೆಗೆ ನಮ್ಮನ್ನೂ ತಿದ್ದಿಬಿಡೋಣ ಅಂತ ಸೆರಗು ಕಟ್ಟಿ ನಿಂತಿದ್ದಾರೆ. ಕೆಟ್ಟವರಲ್ಲ. ಕತ್ತಲಾದರೆ ಮಲಗಿ ಬೆಳಕಾದರೆ ಏಳುವವರು, ದೇವರೂ ಹಾಗೇ ಅಂದುಕೊಂಡಿದ್ದಾರೆ. ಮೊದಲು ಶನಿವಾರ ಸಂಜೆ ಒಂದು ಪೂಜೆ ಇತ್ತು, ನಿನಗೆ ನೆನಪಿದೆಯಲ್ಲ, ಅದಕ್ಕೆ ಹೋದರೆ ಭಾನುವಾರದ್ದು ಸಂದಿತು ಅಂತಲೇ ಲೆಕ್ಕ. ಅದನ್ನು ಮುಗಿಸಿಕೊಂಡು, ಚರ್ಚಿನ ನಲ್ಲಿಯಲ್ಲೇ ಮುಖ ತೊಳೆದು, ನೇರ ಆಸ್ಪತ್ರೆಗೆ ಹೋಗಿ ಹೆರಿಗೆ ವಾರ್ಡಿನ ಆಯಾ ಅಂಗಿ ಹಾಕಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು, ಯಾರಿಗೂ ತೊಂದರೆಯಿರಲಿಲ್ಲ. ಹೊಸ ಫಾದರ್ ಬಂದರು. ಬರುವವರು ಬೆರಳೆಣಿಕೆಯಷ್ಟು ಅಂತ ಅದನ್ನು ನಿಲ್ಲಿಸಿದರು. ಆ ಬೆರಳೆಣಿಕೆಯವರು ಯಾರು ಅಂತ ಕೇಳಲಿಲ್ಲ. ನಾನು, ಬ್ರೆಡ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವವನು, ಗೋದಾಮಿನ ಕಾವಲುಗಾರ, ಇಂಥವರೇ. ಈಗ ಉಳಿದಿರುವುದು ಭಾನುವಾರ ಬೆಳಿಗ್ಗೆ ಏಳು ಗಂಟೆಯದ್ದು, ಆಮೇಲೆ ಒಂಬತ್ತೂವರೆಯದ್ದು. ಏಳಕ್ಕೆ ನಾನು ರಾತ್ರಿ ಹುಟ್ಟಿದ ಕೂಸುಗಳನ್ನು ಒರೆಸಿ ಬಟ್ಟೆ ಸುತ್ತುತ್ತಿರುತ್ತೇನೆ. ಅವುಗಳಿಗೆ “ಸ್ವಲ್ಪ ತಡ್ಕೊಳ್ರೋ, ಪೂಜೆ ಮುಗಿಸ್ಕೊಂಡು ಬರ್ತೀನಿ” ಅಂತ ಹೇಳಿ ಬರಲಾ?

ಒಂಬತ್ತೂವರೆಯದ್ದಕ್ಕೆ ಹೋಗಲಿಲ್ಲ ಅಂತ ಅಲ್ಲ. ಹೋದೆ. ಡ್ಯೂಟಿ ಮುಗಿಸಿ ನೇರ ಚರ್ಚಿಗೆ ಬಂದು, ಮೊದಲ ಪೂಜೆಯವರು ಹೊರಗೆ ಹೋಗುತ್ತಿದ್ದ ಹಾಗೆ ಒಳಗೆ ಹೋಗಿ ಬೆಂಚು ಹಿಡಿದು ಕೂರುತ್ತಿದ್ದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಅಕ್ಕಾ, ಆ ಬೆಂಚು, ಆ ಫ್ಯಾನು, ಆ ಮೇಣದ ವಾಸನೆ! ನಿದ್ದೆ ಬರಿಸುವುದಕ್ಕೆಂದೇ ಯಾರೋ ಕೂತು ಜೋಡಿಸಿದ ಹಾಗಿರುತ್ತದೆ. ಒಂದು ಭಾನುವಾರ ಫಾದರ್ ಪ್ರಬೋಧನೆ ಹೇಳಲು ಶುರುಮಾಡಿದ್ದು ನೆನಪಿದೆ, ಮುಗಿದದ್ದು ನೆನಪಿಲ್ಲ. ಎಲ್ಲರೂ ಮೊಣಕಾಲೂರಿದ್ದಾರೆ, ಫಾದರ್ ಪ್ರಸಾದ ಎತ್ತಿ ಹಿಡಿದಿದ್ದಾರೆ, ಪೀಠದ ಹತ್ತಿರ ಆ ಸಣ್ಣ ಗಂಟೆ ಹೊಡೆಯಿತು. ಅದರ ಸದ್ದು ನಮ್ಮ ಹೆರಿಗೆ ಕೋಣೆಯ ಗಂಟೆಯದೇ ಸದ್ದು, ತಗ್ಗುವುದಿಲ್ಲ, ಹೆಚ್ಚುವುದಿಲ್ಲ. ಕಣ್ಣು ಬಿಡುವ ಮೊದಲೇ ನನ್ನ ಕಾಲು ನೆಲಕ್ಕೆ ಬಿತ್ತು. “ಬಂದೆ ಸಿಸ್ಟರ್, ಬಂದೆ ಬಂದೆ!” ಅಂತ ಕೂಗಿಕೊಂಡು ನಡುವಿನ ದಾರಿಯಲ್ಲಿ ದಡಬಡ ಅರ್ಧ ಚರ್ಚು ದಾಟಿಬಿಟ್ಟಿದ್ದೆ. ಮುಂದಿನ ಬೆಂಚಿನ ಕಾನ್ವೆಂಟಿನ ಸಿಸ್ಟರುಗಳು ಒಟ್ಟಿಗೇ ತಿರುಗಿ ನೋಡಿದರು, ಯಾರನ್ನು ಕರೆದಳಪ್ಪಾ ಅಂತ. ಹಾಡಿನ ಗುಂಪಿನವರು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು. ಬೀಗಿತ್ತಿ ಸೆರಗನ್ನು ಮೂಗಿನ ತನಕ ಎಳೆದುಕೊಂಡರು. ಈಗಲೂ ನಾನು ಬೀದಿಯಲ್ಲಿ ಹೋದರೆ ಮಕ್ಕಳು “ಬಂದೆ ಸಿಸ್ಟರ್” ಅಂತ ಕೂಗುತ್ತವೆ. ಕೂಗಲಿ ಬಿಡು, ನನಗೂ ನಗು ಬರುತ್ತದೆ. ಆದರೆ ಅವತ್ತು ಮನೆಗೆ ಬಂದು ಬೀಗಿತ್ತಿ, “ದೇವರ ಎದುರಿಗೆ ನಿದ್ದೆ ಹೊಡೆಯೋರು ಮಗುಗೆ ಏನು ಕಲಿಸ್ತಾರೆ” ಅಂದರು ನೋಡು, ಅದಕ್ಕೆ ನಗು ಬರಲಿಲ್ಲ. ಗಂಟೆ ಹೊಡೆದ ಕೂಡಲೇ ಎದ್ದು ಓಡಿದವಳು ಇಡೀ ಚರ್ಚಿನಲ್ಲಿ ನಾನೊಬ್ಬಳೇ. ಎಚ್ಚರವಾಗಿದ್ದವರಲ್ಲಿ ಎಷ್ಟು ಜನ ಗಡಿಯಾರ ನೋಡುತ್ತಿದ್ದರೋ ಯಾರು ಕಂಡರು?

ಆಮೇಲೆ ನಾನು ಬುಧವಾರಕ್ಕೆ ಬದಲಾಯಿಸಿಕೊಂಡೆ. ಮಂಗಳವಾರ ರಾತ್ರಿ ನನಗೆ ರಜೆ. ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿ, ಬುಧವಾರ ತಲೆಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬೆಳಗಿನ ಪೂಜೆಗೆ ಹೋಗುತ್ತೇನೆ. ಇರುವವರು ನಾಲ್ಕಾರು ಮುದುಕಿಯರು, ಅವರೇ ನನಗೆ ಊರು. ಪ್ರಬೋಧನೆಯ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ. ಪರಮಪ್ರಸಾದ ತೆಗೆದುಕೊಂಡು ಕೂತರೆ ಏಳುವುದಕ್ಕೆ ಮನಸ್ಸಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ಭಾನುವಾರ ಹೇಗಿರುತ್ತಿತ್ತೋ ಹಾಗಿರುತ್ತದೆ ಅದು. ಇದನ್ನು ಮನೆಯಲ್ಲಿ ಹೇಳಿದರೆ ಬೀಗಿತ್ತಿ, “ಬುಧವಾರ ಭಾನುವಾರ ಆಗತ್ತಾ?” ಅಂತ ಕೇಳುತ್ತಾರೆ. ಉಪವಾಸದ ದಿನದ ರಗಳೆ ನಿನಗೆ ಬರೆದರಾ? ಬರೆದಿರುತ್ತಾರೆ. ಶುಭ ಶುಕ್ರವಾರ ಬೆಳಿಗ್ಗೆ ನನ್ನ ಊಟದ ಡಬ್ಬಿ ತೊಳೆಯುವುದಕ್ಕೆ ಅಂತ ತೆರೆದು ನೋಡಿ, ಖಾಲಿಯಾಗಿದೆ ಅಂತ ರಾದ್ಧಾಂತ ಮಾಡಿದರು. ಅಲ್ಲಕ್ಕಾ, ನಾನು ಆ ಡಬ್ಬಿಯಲ್ಲಿ ತಿಂದದ್ದು ಗುರುವಾರದ ಊಟ. ನಡುರಾತ್ರಿ ದಾಟಿದ ಮೇಲೆ ತಿಂದೆ, ಯಾಕೆಂದರೆ ಆ ರಾತ್ರಿ ಒಂದರ ಹಿಂದೊಂದು ಹೆರಿಗೆಯಾಗಿ ಬಟ್ಟಲು ತೊಳೆಯುವುದಕ್ಕೇ ಪುರುಸೊತ್ತಿರಲಿಲ್ಲ. ಆಮೇಲೆ ಶನಿವಾರ ಬೆಳಿಗ್ಗೆ ಮನೆಗೆ ಬರುವ ತನಕ ನೀರು ಬಿಟ್ಟು ಏನೂ ಮುಟ್ಟಲಿಲ್ಲ, ಆ ರಾತ್ರಿಯೂ ನಿಂತೇ ಕೆಲಸ ಮಾಡಿದೆ. ಅವರು ಮಧ್ಯಾಹ್ನ ಒಂದು ನಿದ್ದೆ ತೆಗೆದು ಉಪವಾಸ ಕಳೆದರು. ಯಾರ ಉಪವಾಸ ಉದ್ದದ್ದು ಅಂತ ನೀನೇ ಹೇಳು. ಬೇಡ, ಹೇಳಬೇಡ, ನೀನು ಅವರ ಪಕ್ಷವೇ ವಹಿಸಿದರೆ ನನ್ನ ತಲೆ ಕೆಡುತ್ತದೆ.

ಫಾದರ್ ಹತ್ತಿರ ನಾನೇ ಹೋಗಿದ್ದೆ. ಜ್ಞಾನತಾಯಿ ಆಗಲು ಅವರ ಒಪ್ಪಿಗೆ ಬೇಕಲ್ಲ. ಅವರು ಕಚೇರಿಯಲ್ಲಿ ಸಿಗುವುದು ಮಧ್ಯಾಹ್ನದ ಮೇಲೆ, ಅದು ನನ್ನ ನಡುರಾತ್ರಿ. ಅಲಾರಂ ಇಟ್ಟುಕೊಂಡು ಎದ್ದು, ತೂಕಡಿಸಿಕೊಂಡೇ ಹೋಗಿ ಬಾಗಿಲು ಬಡಿದೆ. ಸ್ವಲ್ಪ ಹೊತ್ತಾದ ಮೇಲೆ ಬಂದರು, ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು! ಹುಡುಗ ಫಾದರ್, ಒಳ್ಳೆಯವರು, ಗದರುವುದು ಗೊತ್ತಿಲ್ಲ. “ಭಾನುವಾರ ನಿಮ್ಮನ್ನ ನೋಡೋದೇ ಇಲ್ವಲ್ಲಮ್ಮ” ಅಂದರು. “ನನ್ನ ಭಾನುವಾರ ಬುಧವಾರ ಬರುತ್ತೆ ಫಾದರ್, ಅವತ್ತು ನೋಡ್ತೀರಲ್ಲ” ಅಂದೆ. ನಕ್ಕರು. ಕೆಲಸದಿಂದ ಬರಲಾಗದವರಿಗೆ ಕಟ್ಟಳೆಯಲ್ಲಿ ವಿನಾಯಿತಿ ಇದೆ, ಅದರಲ್ಲಿ ಪಾಪವಿಲ್ಲ ಅಂತ ಅವರೇ ಹೇಳಿದರು. ಹಾಗಾದರೆ ಒಪ್ಪಿಗೆ ಕೊಡಿ ಅಂದೆ. ಅಲ್ಲಿ ಎಳೆದಾಡಿದರು. ಪಾಪವಿಲ್ಲ ನಿಜ, ಆದರೆ ಜ್ಞಾನತಾಯಿ ಅಂದರೆ ನಾಲ್ಕು ಜನಕ್ಕೆ ಮಾದರಿಯಾಗಿ ಕಾಣಬೇಕು, ಜನ ಮಾತಾಡುತ್ತಾರೆ, ಮನೆಯವರಲ್ಲೇ ಒಮ್ಮತವಿಲ್ಲ, ಹಗಲಿನ ಪಾಳಿ ಕೇಳಿಕೊಳ್ಳಬಾರದಾ ಅಂತ. ಕೇಳಿದ್ದೇನೆ ಅಕ್ಕಾ, ಎಷ್ಟೋ ಸಲ. ಕಂಕುಳಲ್ಲಿ ಮಕ್ಕಳಿರುವವರಿಗೆ ಮೊದಲು ಹಗಲು ಕೊಡುತ್ತಾರೆ, ಒಂಟಿ ಹೆಂಗಸಿಗೆ ರಾತ್ರಿ. ಅದು ಸರಿಯೇ, ನಾನೂ ಜಗಳ ಆಡುವುದಿಲ್ಲ. ಹಾಗಾದರೆ ಶನಿವಾರ ಸಂಜೆಯ ಪೂಜೆ ಮತ್ತೆ ಶುರುಮಾಡಿ ಫಾದರ್ ಅಂದೆ. ನೋಡೋಣ ಅಂದರು. ನೋಡೋಣ ಅನ್ನುವುದನ್ನು ನಾನು ವಾರ್ಡಿನಲ್ಲಿ ದಿನಾ ಕೇಳುತ್ತೇನೆ, ಅದರ ಅರ್ಥ ನನಗೆ ಗೊತ್ತು. ಮನೆಗೆ ಬಂದರೆ ಆಗಲೇ ನಿನ್ನ ಹೆಸರು ಎದ್ದಿತ್ತು. ತಮ್ಮ ತಲೆ ತಗ್ಗಿಸಿಕೊಂಡು, “ಈ ಸಲ ಬಿಟ್ಬಿಡು ಗೂಬಕ್ಕ, ಅತ್ತೆ ಹಟ ಮಾಡ್ತಿದ್ದಾರೆ” ಅಂದ. ಈ ಸಲ ಅಂತೆ! ದೀಕ್ಷಾಸ್ನಾನ ವರ್ಷಕ್ಕೊಂದು ಸಲ ಬರುತ್ತದಾ? ಗೂಬೆಯ ತಲೆಯ ಮೇಲೇ ಗೂಬೆ ಕೂರಿಸಿ ಕೈ ತೊಳೆದುಕೊಂಡ.

ನಾನು ಹಗಲು ಹೇಗೆ ಮಲಗುತ್ತೇನೆ ಅಂತ ನೀನು ನೋಡಿಲ್ಲ. ಕಿಟಕಿಗೆ ಅಮ್ಮನ ಹಳೇ ಕಂಬಳಿ ಮೊಳೆ ಹೊಡೆದು ತೂಗುಹಾಕಿದ್ದೇನೆ. ಬೆಳಕನ್ನು ತಡೆಯಬಹುದು, ಸದ್ದನ್ನು ಹೇಗೆ ತಡೆಯುವುದು? ಕಣ್ಣು ಮುಚ್ಚುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಪಕ್ಕದ ಮನೆಯವರು ಬಾಗಿಲು ಕೊರೆಸುತ್ತಾರೆ, ಯಾರೋ ಬಂದು ಬೆಲ್ ಒತ್ತುತ್ತಾರೆ, ಬೆಲ್ ಒತ್ತಿದರೆ ನಾನು ಮತ್ತೆ “ಬಂದೆ” ಅಂತ ಎದ್ದು ಕೂರುತ್ತೇನೆ. ಹೊತ್ತು ಏರಿದ ಮೇಲೆ ಗೋಡೆಯ ಆಚೆ ಬೀಗಿತ್ತಿಯ ಜಪಸರ ಶುರು, ಸ್ವರ್ಗದವರೆಗೂ ಕೇಳಲಿ ಅಂತ ದೊಡ್ಡ ದನಿಯಲ್ಲಿ. ಕೊನೆಗೆ “ಹಗಲೆಲ್ಲ ಮಲಗೋರಿಗೆ ಒಳ್ಳೇ ಬುದ್ಧಿ ಕೊಡು ತಾಯೀ” ಅಂತ ನನ್ನ ಹೆಸರಿಗೂ ಒಂದು ಪ್ರಾರ್ಥನೆ. ನನಗೆ ಬುದ್ಧಿ ಬರಲಿ ಅಂತ ನನ್ನ ನಿದ್ದೆ ಕೆಡಿಸುತ್ತಾರೆ! ಆದರೆ ಪಾಪು ರಾತ್ರಿ ಕಿರುಚಿದಾಗ, ನಾನು ರಜೆಯಲ್ಲಿದ್ದರೆ, ಎತ್ತಿಕೊಂಡು ಕೋಣೆ ಸುತ್ತುವವಳು ನಾನು. ಆ ಹೊತ್ತಿಗೆ ಇಡೀ ಮನೆಯಲ್ಲಿ ನಿದ್ದೆಯಿಲ್ಲದೆ ನೆಮ್ಮದಿಯಾಗಿರುವವರು ನಾವಿಬ್ಬರೇ, ಅವನು ಮತ್ತು ಈ ಗೂಬೆ. ತಮ್ಮನ ಹೆಂಡತಿ, ಪಾಪ ಆ ಹುಡುಗಿಗೆ ಬಾಯಿಲ್ಲ, ಅರೆನಿದ್ದೆಯಲ್ಲಿ “ಅತ್ತಿಗೆ, ನೀವಿದ್ರೆ ನಂಗೆ ಭಯ ಇಲ್ಲ” ಅಂತಾಳೆ. ಬೆಳಿಗ್ಗೆ ಅವಳ ಅಮ್ಮನ ಎದುರು ಮಾತ್ರ ಹೇಳುವುದಿಲ್ಲ.

ನಾನು ರಾತ್ರಿ ಪ್ರಾರ್ಥನೆ ಮಾಡುವುದಿಲ್ಲ ಅಂದುಕೊಂಡಿದ್ದೀಯಾ? ಕೈಯಲ್ಲಿ ಬಕೆಟ್ ಇರುತ್ತದೆ, ಜಪಸರ ಹಿಡಿಯುವುದಕ್ಕೆ ಆಗುವುದಿಲ್ಲ, ಬೆರಳಿನ ಗೆಣ್ಣು ಎಣಿಸಿಕೊಂಡೇ ಜಪ ಮಾಡುತ್ತೇನೆ. ನೆಲ ಒರೆಸುವಾಗ ಒಂದು, ರಕ್ತದ ಬಟ್ಟೆ ನೆನೆಹಾಕುವಾಗ ಇನ್ನೊಂದು. ನಡುವೆ ಯಾರೋ ಹೆಂಗಸು ನನ್ನ ಕೈ ಹಿಡಿದು “ಸತ್ತೇಹೋಗ್ತೀನಿ ಆಯಮ್ಮ” ಅಂತಾಳೆ, “ಸಾಯಲ್ಲ ಕಣೇ, ಉಸಿರು ಬಿಗಿಹಿಡಿದು ಜೋರಾಗಿ ಮುಕ್ಕು” ಅಂತ ಬೈಯುತ್ತೇನೆ, ಎಲ್ಲಿಗೆ ಬಂದಿದ್ದೆ ಅಂತ ಮರೆತುಹೋಗಿ ಜಪ ಮೊದಲಿನಿಂದ ಶುರು. ನೀವೆಲ್ಲ ಏಳು ಗಂಟೆಯ ಪೂಜೆಗೆ ಮಡಿಕೆ ಮುರಿಯದ ಬಟ್ಟೆಯಲ್ಲಿ ಹೋಗಬೇಕಾದರೆ ರಾತ್ರಿ ಯಾರಾದರೂ ಎಚ್ಚರವಾಗಿರಲೇಬೇಕು. ಎಚ್ಚರವಾಗಿದ್ದವಳಿಗೆ ಬೆಳಿಗ್ಗೆ ಹಿಂದಿನ ಬೆಂಚು ತೋರಿಸಿದರೆ ನಾನು ಸುಮ್ಮನಿರುವುದಿಲ್ಲ. ನನಗೆ ಆ ಮಗು ಬೇಕು ಅಕ್ಕಾ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ನಿನ್ನ ಹಾಗೆ ಮಠವೂ ಇಲ್ಲ. ಒಂದೇ ಒಂದು ಸಲ, ಜನರ ಎದುರಿಗೆ, ಇವನು ನನ್ನವನೂ ಹೌದು ಅಂತ ನಿಂತುಕೊಳ್ಳುವ ಆಸೆ. ಅದನ್ನು ನನ್ನ ಅಕ್ಕನೇ ಬಂದು ಕೈಯಿಂದ ತೆಗೆದುಕೊಳ್ಳುತ್ತಾಳೆ ಅಂದರೆ ಹೊಟ್ಟೆಯಲ್ಲಿ ಬೆಂಕಿ ಬೀಳುವುದಿಲ್ಲವಾ?

ನಿನಗೆ ಬೆಕ್ಕಿನ ಕಥೆ ನೆನಪಿದೆಯಾ? ನೀನು ಮಠಕ್ಕೆ ಸೇರುವ ಎಷ್ಟೋ ವರ್ಷ ಮೊದಲೇ ಸಿಸ್ಟರ್ ಆಗಿದ್ದೆ. ಹಿತ್ತಿಲ ಮೆಟ್ಟಿಲ ಮೇಲೆ ನನ್ನನ್ನೂ ತಮ್ಮನನ್ನೂ ಕೂರಿಸಿ ತಲೆಗೆ ಟವೆಲ್ ಕಟ್ಟಿಕೊಂಡು ಉಪದೇಶ ಹೇಳುತ್ತಿದ್ದೆ. ಯಾರಾದರೂ ಸಾಯುವ ಹಾಗಿದ್ದು ಫಾದರ್ ಸಿಗದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಅಂತ ಕಲಿಸಿ, ಅಭ್ಯಾಸಕ್ಕೆ ಪಕ್ಕದ ಮನೆಯ ಬೆಕ್ಕನ್ನು ಹಿಡಿದು ತಂದೆ. ನಾನು ಲೋಟದಲ್ಲಿ ನೀರು ಹುಯ್ದೆ, ಬೆಕ್ಕು ನನ್ನ ಕೈ ಪರಚಿ ಓಡಿತು. ಸರಿಯಾಗಲಿಲ್ಲ ಅಂತ ಮತ್ತೆ ಹಿಡಿದು ಎರಡನೇ ಲೋಟ ಎತ್ತಿದರೆ ನೀನು ಬೆನ್ನಿಗೊಂದು ಕೊಟ್ಟೆ. “ಒಂದ್ಸಲ ಹಾಕಿದ್ರೆ ಮುಗೀತು ಕಣೇ, ಎರಡನೇ ಸಲ ಹಾಕಂಗಿಲ್ಲ!” ಆ ಪರಚಿದ ಗೆರೆ ಇನ್ನೂ ನನ್ನ ಮಣಿಕಟ್ಟಿನ ಮೇಲಿದೆ.

ಇಷ್ಟೇ. ತಮ್ಮನಿಗೆ ಆಗುವುದಿಲ್ಲ ಅಂತ ಬರೆದುಬಿಡು. ನೀನು ಬರಬೇಡ ಅಂತ ಅಲ್ಲ, ಬಾ, ನನ್ನ ಪಕ್ಕ ನಿಂತುಕೋ, ನಾನು ತೂಕಡಿಸಿದರೆ ಚಿವುಟು. ನೀನು ಚಿವುಟಿದರೆ ನೋಯುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ನಿಮ್ಮ ಮದರ್‌ಗೆ ನಮಸ್ಕಾರ ಹೇಳು, ಅಡುಗೆಮನೆಯ ಆ ಕೆಪ್ಪ ಸಿಸ್ಟರಿಗೆ ನನ್ನ ಪ್ರೀತಿ. ಕುಂಟುವ ನಿನ್ನ ಮಂಡಿಯನ್ನು ದೇವರು ಕಾಯಲಿ, ಎಣ್ಣೆಯನ್ನು ನೀನು ಹಚ್ಚಿಕೋ.

ಇನ್ನೂ ಸಿಟ್ಟಿನಲ್ಲಿರುವ,
ನಿನ್ನ ಗೂಬೆ

ಮರೆತಿದ್ದೆ: ಲಕೋಟೆ ಅಂಟಿಸಿ ಮಲಗಿದೆ, ನಿದ್ದೆ ಬರಲಿಲ್ಲ, ಎದ್ದು ಕಿತ್ತು ಬರೆಯುತ್ತಿದ್ದೇನೆ. ಪಾಪು ಹುಟ್ಟಿದ್ದು ನಮ್ಮ ವಾರ್ಡಿನಲ್ಲಿ, ನನ್ನ ಡ್ಯೂಟಿಯಲ್ಲಿ, ಅದು ನಿನಗೆ ಗೊತ್ತು. ಸ್ವಲ್ಪ ತೊಂದರೆಯಾಯಿತು ಅಂತಷ್ಟೇ ತಮ್ಮ ನಿನಗೆ ಹೇಳಿದ್ದು. ಸ್ವಲ್ಪ ಅಲ್ಲ. ನೀಲಿಯಾಗಿದ್ದ, ಅಳಲಿಲ್ಲ, ಕೈಕಾಲು ಜೋತುಬಿದ್ದಿದ್ದವು. ಡಾಕ್ಟರು ಎರಡು ಬೆರಳಿನಲ್ಲಿ ಎದೆ ಒತ್ತುತ್ತಿದ್ದರು, ನರ್ಸ್ ಗಾಳಿಯ ಚೀಲ ಹಿಡಿದಿದ್ದಳು, ಅವನ ಅಮ್ಮನಿಗೆ ಪ್ರಜ್ಞೆಯಿರಲಿಲ್ಲ. “ಕಷ್ಟ” ಅಂತ ಡಾಕ್ಟರು ಅಂದದ್ದು ನನ್ನ ಕಿವಿಗೆ ಬಿತ್ತು. ನನ್ನ ಕೈಯಲ್ಲಿ ಬೆಚ್ಚಗಿನ ನೀರಿನ ಬಟ್ಟಲಿತ್ತು. ನೀನು ಕಲಿಸಿದ ಹಾಗೇ ಅಕ್ಕಾ, ಹಣೆಯ ಮೇಲೆ ನೀರು ಹರಿಯುವ ಹಾಗೆ ಮೂರು ಸಲ ಹುಯ್ದೆ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ಅಂತ ಒಂದು ಅಕ್ಷರವೂ ತಪ್ಪದೆ ಹೇಳಿದೆ. ಹೆಸರು ಬೇಕಲ್ಲ, ಅಪ್ಪನ ಹೆಸರು ಬಾಯಿಗೆ ಬಂತು. “ಏನಮ್ಮಾ ಅದು?” ಅಂತ ಡಾಕ್ಟರು ಗದರಿದರು. “ಒರೆಸ್ತಿದ್ದೀನಿ ಡಾಕ್ಟ್ರೇ” ಅಂದೆ. ಆಮೇಲೆ ಅತ್ತ. ಬಾಣಂತಿ ಹೆದರುತ್ತಾಳೆ ಅಂತ ಅವತ್ತು ಯಾರಿಗೂ ಹೇಳಲಿಲ್ಲ. ಆಮೇಲೆ, ನನ್ನನ್ನು ನನ್ನ ಬುಧವಾರಗಳಿಗೇ ಒಪ್ಪಿಕೊಳ್ಳಲಿ, ಇದನ್ನು ಹೇಳಿ ಗೆಲ್ಲುವುದು ಬೇಡ ಅಂತ ಹಟಕ್ಕೆ ಬಿದ್ದು ಬಾಯಿ ಬಿಡಲಿಲ್ಲ. ಈಗ ಬಿಡಲೇಬೇಕು, ಎರಡನೇ ಲೋಟ ಎತ್ತುವ ಹಾಗಿಲ್ಲವಲ್ಲ. ಅವನನ್ನು ನೀನು ಎತ್ತಿಕೊಂಡು ನಿಲ್ಲುತ್ತೀಯೋ ನಾನು ನಿಲ್ಲುತ್ತೇನೋ, ನೀನೇ ಯೋಚಿಸಿ ಹೇಳು. ಆ ಭಾನುವಾರ ಫಾದರ್ ಎಣ್ಣೆ ಹಚ್ಚಲಿ, ಬಿಳಿ ಬಟ್ಟೆ ಹೊದಿಸಲಿ, ಮೇಣದಬತ್ತಿ ಕೊಡಲಿ, ಬೀಗಿತ್ತಿ ಮುಂದಿನ ಬೆಂಚಿನಲ್ಲೇ ಕೂರಲಿ. ನೀರು ಮಾತ್ರ ರಾತ್ರಿ ಪಾಳಿಯಲ್ಲೇ ಬಿದ್ದಾಗಿದೆ. ಫಾದರಿಗೆ ನಾನೇ ಹೇಳುತ್ತೇನೆ. ನಾಳೆ ಮಧ್ಯಾಹ್ನ, ಅವರು ಮಲಗಿರುವ ಹೊತ್ತು ನೋಡಿಕೊಂಡೇ ಹೋಗಿ ಬಾಗಿಲು ಬಡಿಯುತ್ತೇನೆ.